ಮಗ್ಗದ ಮನೆಯ ಗಿಲಕಿ

ನಾನೊಂದು ಗಿಲಕಿ. ಕಟ್ಟಿಗೆ ಕಡೆಯುವ ಮುದುಕನೊಬ್ಬ ನನ್ನನ್ನು ದುಂಡಗೆ ಕಡೆದು, ಹೊಟ್ಟೆಯೊಳಗೆ ಸಣ್ಣ ಹರಳು ಹಾಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕ. ಸದ್ದು ಮಾಡುವುದೇ ನನ್ನ ಬಾಳು ಎಂದು ಅಂದೇ ತಿಳಿದೆ.

ನನ್ನನ್ನು ಮೊದಲು ಆಡಿಸಿದವಳು ದಾನವ್ವ. ಅವಳ ಎಳೆಯ ಹಲ್ಲಿನ ಗುರುತು ನನ್ನ ಹಿಡಿಯ ಮೇಲೆ ಇನ್ನೂ ಇದೆ. ಅವಳು ಬನಹಟ್ಟಿಯ ನೇಕಾರರ ಮನೆ ಸೇರಿ ಹೆಣ್ಣು ಹೆತ್ತಾಗ, ತವರಿನ ತೊಟ್ಟಿಲ ಜೊತೆ ನಾನೂ ಅಲ್ಲಿಗೆ ಬಂದೆ. ಕೂಸಿನ ಹೆಸರು ಕಸ್ತೂರಿ.

ಆ ಮನೆಯಲ್ಲಿ ಕರೆಂಟಿನ ಮಗ್ಗಗಳು ಬೆಳಗಿನಿಂದಲೇ ಬಡಿಯುತ್ತಿದ್ದವು. ಒಬ್ಬರ ಮಾತು ಒಬ್ಬರಿಗೆ ಕೇಳದು; ಊಟಕ್ಕೆ ಕರೆಯುವುದೂ ಕೈಸನ್ನೆಯಲ್ಲೇ. ಆ ಗದ್ದಲದಲ್ಲೂ ಕಸ್ತೂರಿ ಕಣ್ತುಂಬ ನಿದ್ದೆ ಮಾಡುತ್ತಿದ್ದಳು.

"ನೇಕಾರರ ಕೂಸು ನೋಡ್ರಿ, ಮಗ್ಗದ ಸಪ್ಪಳನ ಇದಕ್ಕ ಜೋಗುಳ" ಎಂದು ಅಜ್ಜಿ ತಂಗೆವ್ವ ಓಣಿಗೆಲ್ಲ ಹೇಳಿ ಹಿಗ್ಗುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತವು. ಅಪ್ಪ ಚನಬಸು ಮಗಳ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದ. ಅವಳು ತಿರುಗಲಿಲ್ಲ. ತಾಟು ಬಡಿದ. ನನ್ನನ್ನೂ ಜೋರಾಗಿ ಅಲ್ಲಾಡಿಸಿದ. ಕಸ್ತೂರಿ ನೆಲದ ಬಿಸಿಲನ್ನು ಮುಟ್ಟಿ ನೋಡುತ್ತ ಕುಳಿತೇ ಇದ್ದಳು. ಅವನು ಸಂಕಟ ತಾಳದೆ ನನ್ನನ್ನು ನೆಲಕ್ಕೆಸೆದ. ನಾನು ಬಿರುಕುಬಿಟ್ಟೆ, ಹರಳುಗಳೆಲ್ಲ ಉರುಳಿಹೋದವು.

"ವರ್ಷ ತುಂಬಾಕ ಬಂತು, ಒಮ್ಮೆರೆ ಅವ್ವಾ ಅಂದಿಲ್ಲ. ಬುದ್ಧಿನೂ ಇಲ್ಲೇನೋ" ಎಂದಳು ತಂಗೆವ್ವ.

"ಕಿವಿ ಕೇಳಂಗಿಲ್ಲ ಅನ್ರಿ ಅತ್ತಿ, ಬುದ್ಧಿ ಇಲ್ಲ ಅನಬ್ಯಾಡ್ರಿ. ಗಿಲಕಿ ಆಡಿಸಿ ನನ್ನ ಕರಿತೈತಿ ಅದು."

"ಕೂಸು ಗಿಲಕಿ ಆಡಿಸಿದ್ರ ಕರದಂಗೇನವಾ? ಎಲ್ಲಾ ಕೂಸೂ ಆಡಸ್ತಾವ."

ದಾನವ್ವ ಒಲೆಯ ಕಡೆ ಮುಖ ತಿರುಗಿಸಿ ಕುಳಿತಳು.

ಕಸ್ತೂರಿ ನನ್ನನ್ನು ಎತ್ತಿ ಅಲ್ಲಾಡಿಸಿ, ಅವ್ವನ ಬೆನ್ನು ನೋಡಿದಳು. ನನ್ನಲ್ಲಿ ಸದ್ದಿಲ್ಲ, ಅವ್ವ ತಿರುಗಲಿಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿ ಕಾದಳು. ಆಮೇಲೆ ನನ್ನನ್ನು ಕೆಳಗಿಟ್ಟು, ಅಂಬೆಗಾಲಿಟ್ಟು ಹೋಗಿ ಅವ್ವನ ಸೀರೆ ಜಗ್ಗಿದಳು. ಅವ್ವ ನೋಡಿದ ಮೇಲೆ ನೀರಿನ ಕೊಡದ ಕಡೆ ಕೈ ಚಾಚಿದಳು. ಮತ್ತೆ ಅವ್ವನ ಮುಖ ನೋಡಿದಳು. ಮತ್ತೆ ಕೊಡ.

ದಾನವ್ವನಿಗೆ ಏಳಲಾಗಲಿಲ್ಲ. ಕಣ್ಣುಗಳು ತುಂಬಿದ್ದವು.

"ಯವ್ವಾ, ನೀರು ಕೇಳಾಕತ್ತೈತಿ ಕೂಸು!" ಎಂದು ತಂಗೆವ್ವ ತಾನೇ ಎದ್ದು ನೀರು ತಂದಳು. ಕುಡಿಸುವ ಮೊದಲು ಮೊಮ್ಮಗಳ ಮುಂದೆ ಕುಳಿತು, ಮಗ್ಗದ ಮುಂದೆ ನೀರು ಕೇಳುವಾಗ ಎಲ್ಲರೂ ಮಾಡುವಂತೆ, ಹೆಬ್ಬೆರಳನ್ನು ಬಾಯಿಗೆ ಎತ್ತಿ ತೋರಿಸಿದಳು. ಕಸ್ತೂರಿ ತನ್ನ ಹೆಬ್ಬೆರಳು ನೋಡಿಕೊಂಡಳು.

ಈಗ ನಾನು ನೂಲು ಸುತ್ತುವ ಖಾಲಿ ಕಂಡಿಕೆಗಳ ಬುಟ್ಟಿಯಲ್ಲಿದ್ದೇನೆ. ನನ್ನನ್ನು ಯಾರೂ ಅಲ್ಲಾಡಿಸುವುದಿಲ್ಲ, ಅದರ ಬೇಸರವೂ ನನಗಿಲ್ಲ. ಕಸ್ತೂರಿ ಜಡೆ ಹಾಕಿಕೊಳ್ಳುವಷ್ಟು ದೊಡ್ಡವಳಾಗಿದ್ದಾಳೆ. ಸಂಜೆ ಮಗ್ಗಗಳು ನಿಲ್ಲುತ್ತವೆ. ಮಗ್ಗ ನಿಂತ ಮೇಲೂ ಈ ಮನೆಯವರು ಕೈಯಲ್ಲೇ ಮಾತಾಡುತ್ತಾರೆ.