ಮೂವತ್ತೊಂದು ಮಿಲಿಮೀಟರ್

ಗೆರೆ ಗೋಡೆಯನ್ನು ಮುಟ್ಟಿರಲಿಲ್ಲ.

ದೂರದಿಂದ ಮುಟ್ಟಿದ ಹಾಗೇ ಕಾಣುತ್ತಿತ್ತು. ಇಡೀ ಗೋದಾಮು ಪರದೆಯ ಮೇಲೆ ಅಂಗೈಯಷ್ಟಾಗಿದ್ದಾಗ ಯಾವ ಗೆರೆಯಾದರೂ ಪಕ್ಕದ ಗೆರೆಯನ್ನು ಮುಟ್ಟಿಕೊಂಡೇ ಇರುತ್ತದೆ. ಮೌಸಿನ ಚಕ್ರ ತಿರುಗಿಸಿ ಹತ್ತಿರ ಹೋದೆ. ಇನ್ನೂ ಹತ್ತಿರ ಹೋದೆ. ತೊಲೆಯ ತುದಿಗೂ ಗೋಡೆಯ ಬ್ರಾಕೆಟ್ಟಿಗೂ ನಡುವೆ ಕಪ್ಪು ಸಂದು. ಅಳೆದೆ. ಮೂವತ್ತೊಂದು ಮಿಲಿಮೀಟರ್.

ಹೋದ ವಾರ ನಾನು ತೊಲೆಯನ್ನಷ್ಟೇ ಬರೆದಿದ್ದೆ. ಗೋಡೆಯ ನಕ್ಷೆ ಬೇರೆಯವರದು, ನನ್ನ ಕೈಗೆ ಬಂದದ್ದು ಇವತ್ತು ಬೆಳಗ್ಗೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗಲೇ ಗೊತ್ತಾದದ್ದು. ಒಂಬತ್ತು ಮೀಟರಿನ ಎಂಟು ಉಕ್ಕಿನ ತೊಲೆಗಳು. ಬುಡ ಕಂಬಕ್ಕೆ, ತಲೆ ಗೋಡೆಗೆ, ಮೇಲೆ ಇಳಿಜಾರು ಚಾವಣಿ. ನನ್ನ ಕೋನವನ್ನೇ ನಂಬಿ ಎಂಟರ ಬುಡವನ್ನೂ ಕತ್ತರಿಸಿ, ತೂತು ಕೊರೆದು, ಬಣ್ಣ ಹೊಡೆದು ಸೈಟಿಗೆ ಕಳಿಸಿಯಾಗಿತ್ತು. ಇವತ್ತು ಅವನ್ನು ಮೇಲಕ್ಕೇರಿಸುತ್ತಿದ್ದವರು ನನ್ನ ಭಾವ, ಅಕ್ಕನ ಗಂಡ. ಇಪ್ಪತ್ತಾರು ವರ್ಷದಿಂದ ಫಿಟ್ಟರ್.

ಇಂಜಿನಿಯರ್ ಕೊಟ್ಟ ಚೀಟಿಯನ್ನು ಎದುರಿನ ಬೋರ್ಡಿಗೇ ಚುಚ್ಚಿಟ್ಟಿದ್ದೆ. ತೆಗೆದು ಬೆಳಕಿಗೆ ಹಿಡಿದೆ. 22, ತಲೆಯ ಮೇಲೆ ಒಂದು ಸೊನ್ನೆ. 30, ತಲೆಯ ಮೇಲೆ ಒಂದು ಸಣ್ಣ ಗೀಟು. ಗೀಟು ಕಾಗದದ ಮಡಿಕೆಯಲ್ಲಿ ಕೂತಿತ್ತು. ಇಪ್ಪತ್ತೆರಡು ಡಿಗ್ರಿ, ಮೂವತ್ತು ನಿಮಿಷ. ಡಿಗ್ರಿಗೆ ಅರವತ್ತು ನಿಮಿಷ, ಅಂದರೆ ಇಪ್ಪತ್ತೆರಡೂವರೆ. ನಾನು ಒತ್ತಿದ್ದು 22.30. ಕಾಲು ಡಿಗ್ರಿಗಿಂತಲೂ ಕಡಿಮೆ ವ್ಯತ್ಯಾಸ. ಸಾಫ್ಟ್‌ವೇರ್ ಯಾಕಮ್ಮಾ ಅಂತ ಕೇಳುವುದಿಲ್ಲ. ಹೇಳಿದ ಕೋನಕ್ಕೆ ಕೂದಲೆಳೆಯೂ ತಪ್ಪದ ಹಾಗೆ ಗೆರೆ ಎಳೆದುಕೊಡುತ್ತದೆ.

ಬೀಗ ಹಾಕಿದ ಮೇಲೆ ಬೀದಿಯ ತಿರುವಿನಿಂದ ವಾಪಸ್ಸು ಬಂದು ಬೀಗ ಎಳೆದು ನೋಡುವವಳು ನಾನು. ಆ ಕೋನವನ್ನು ಐದು ಸಲ ನೋಡಿದ್ದೆ. ಐದು ಸಲವೂ ಪರದೆ 22.30 ಎಂದಿತ್ತು, ನನ್ನ ಪುಸ್ತಕದಲ್ಲೂ 22.30 ಇತ್ತು. ಪುಸ್ತಕಕ್ಕೆ ಬರೆದುಕೊಂಡವಳೂ ನಾನೇ.

ಪಕ್ಕದ ಮೇಜಿನ ಹಿರಿಯ ಡ್ರಾಫ್ಟ್ಸ್‌ಮನ್ ಕನ್ನಡಕ ಏರಿಸಿಕೊಂಡು ನನ್ನ ಪರದೆ ನೋಡಿದರು.

"ಮೂವತ್ತೊಂದಾ? ಎರಡು ಬೆರಳಗಲ. ಅದಕ್ಯಾಕೆ ಮುಖ ಹಿಂಗ್ ಬಿಳಚ್ಕೊಂಡಿದೆ? ಅವರು ಚೈನ್ ಪುಲ್ಲಿ ಹಾಕಿ ಎಳೆದು ಕೂರಿಸ್ಕೋತಾರೆ ಬಿಡಿ."

ನನ್ನ ಮುಖ ಬಿಳಚಿಕೊಂಡದ್ದು ಅದಕ್ಕೇ. ಹೋದ ವರ್ಷ ಹೀಗೇ ಎಳೆದು ಕೂರಿಸಿದ ತೊಲೆಯೊಂದು ಬೋಲ್ಟು ಬಿಗಿಯುವ ಮುಂಚೆ ಜಾರಿತ್ತು. ಫಿಟ್ಟರನ ಬಲಗೈ ತೊಲೆಗೂ ಗೋಡೆಗೂ ನಡುವೆ ಇತ್ತು. ಮೂರು ಬೆರಳು ಹೋದವು. ಆತ ಈಗ ಸೈಟಿನ ಗೇಟಿನಲ್ಲಿ ಕೂತು ಬಂದುಹೋದವರ ಹೆಸರು ಬರೆದುಕೊಳ್ಳುತ್ತಾರೆ, ಎಡಗೈಯಲ್ಲಿ.

ಭಾವನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಇಂಜಿನಿಯರ್ ಫೋನು ಸ್ವಿಚ್ ಆಫ್. ಅಕ್ಕನಿಗೆ ಮಾಡಿದೆ.

"ಅಕ್ಕ, ಭಾವನ ಜೊತೆ ಕೆಲಸ ಮಾಡೋರ ನಂಬರ್ ಯಾವುದಾದ್ರೂ ಇದ್ಯಾ?"

"ಅವರ ಫೋನು ಊಟದ ಡಬ್ಬಿ ಪಕ್ಕ ನಿದ್ದೆ ಹೊಡೀತಿರುತ್ತೆ ಕಣೇ. ಕಟ್ಕೊಂಡವಳು ಮಾಡಿದ್ರೇ ಎತ್ತಲ್ಲ, ನೀನ್ಯಾವ ಲೆಕ್ಕ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಯಾಕೆ? ಏನಾಯ್ತು?"

"ಏನಿಲ್ಲ. ಒಂದು ಅಳತೆ ಕೇಳ್ಬೇಕಿತ್ತು."

"ಅಳತೆ ಕೇಳೋ ದನಿ ಅಲ್ವಲ್ಲೇ ಇದು."

ಕಟ್ ಮಾಡಿದೆ. ಚೀಟಿ ಕೈಯಲ್ಲೇ ಹಿಡಿದು ಸೈಟಿಗೆ ಟ್ಯಾಕ್ಸಿ ಹತ್ತಿದೆ. ಟ್ಯಾಕ್ಸಿ ಎರಡನೇ ಸಿಗ್ನಲ್ಲಿನಲ್ಲಿ ನಿಂತದ್ದು ನಿಂತೇ ಇತ್ತು. ಇಳಿದು ಓಡಿದೆ. ಕಾಲೇಜು ಬಿಟ್ಟ ಮೇಲೆ ನಾನು ಓಡಿದವಳಲ್ಲ. ಚಪ್ಪಲಿಯ ಬಾರು ಕಿತ್ತುಬಂತು, ಎರಡನ್ನೂ ಅಲ್ಲೇ ಬಿಟ್ಟೆ.

ಗೇಟಿನಲ್ಲಿ ಬೆರಳು ಕಳೆದುಕೊಂಡ ಆ ಫಿಟ್ಟರ್ ಎದ್ದು ಅಡ್ಡ ನಿಂತರು. "ಅಮ್ಮಾ, ಹೆಲ್ಮೆಟ್ಟು! ಹೆಸರು ಬರೀಬೇಕು!"

"ತೊಲೆ ತಪ್ಪು" ಅಂದೆ. ಉಸಿರಿಗೆ ಅಷ್ಟೇ ಬಂತು. ಆತ ನನ್ನ ಮುಖ ನೋಡಿದರು. ರಿಜಿಸ್ಟರ್ ಮುಚ್ಚಿ ತಮ್ಮ ಹೆಲ್ಮೆಟ್ಟನ್ನೇ ನನ್ನ ತಲೆಗೆ ಇಟ್ಟು ದಾರಿ ಬಿಟ್ಟರು.

ಭಾವ ಗೋಡೆಯ ಪಕ್ಕದ ಅಟ್ಟಣೆಯ ಮೇಲೆ, ಮೂರು ಆಳೆತ್ತರದಲ್ಲಿದ್ದರು. ತೊಲೆಯ ತಲೆಗೆ ಚೈನು ಬಿಗಿದಿತ್ತು. ಒಬ್ಬ ಚೈನು ಎಳೆಯುತ್ತಿದ್ದ. ಭಾವ ಮೊನೆಯಿರುವ ಸರಳೊಂದನ್ನು ತೂತಿಗೆ ತೂರಿಸಿ, ಎರಡು ತೂತು ಒಂದಾಗಲೆಂದು ಮೈಭಾರ ಹಾಕಿ ಒತ್ತುತ್ತಿದ್ದರು. ಇನ್ನೊಂದು ಕೈ ತೊಲೆಗೂ ಗೋಡೆಗೂ ನಡುವೆ.

"ಭಾವಾ!"

ಕೆಳಗೆ ಒಬ್ಬ ಗ್ರೈಂಡರಿನಲ್ಲಿ ಕಬ್ಬಿಣ ಉಜ್ಜುತ್ತಿದ್ದ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೆ ಕೂಗಿದೆ. ಸರಳು ಇನ್ನಷ್ಟು ಒಳಗೆ ಹೋಯಿತು. ನೆಲದ ಮೇಲೆ ಹರಿದಿದ್ದ ವೈರಿನ ಜಾಡು ಹಿಡಿದು ಓಡಿ ಪ್ಲಗ್ ಕಿತ್ತೆ.

ಸದ್ದು ಸತ್ತಿತು. ಎಲ್ಲರೂ ತಿರುಗಿದರು.

"ಯಾರದು ಪ್ಲಗ್ ಕಿತ್ತೋರು?" ಮೇಲಿನಿಂದ ಭಾವ ಗದರಿ, ಆಮೇಲೆ ನನ್ನನ್ನು ಕಂಡು ಬಾಯಿ ಅಗಲಿಸಿದರು. "ಓಹೋ, ಗೆರೆಯಮ್ಮ! ಬರಿಗಾಲಲ್ಲಿ ತಪಾಸಣೆಗೆ ಬಂದ್ಯಾ? ಒಳ್ಳೆ ಹೊತ್ತಿಗೆ ಬಂದೆ. ಈ ಮೇಸ್ತ್ರಿಗೆ ಸ್ವಲ್ಪ ಹೇಳು. ಗೋಡೆ ಸೊಟ್ಟ ಕಟ್ಟಿಟ್ಟು ನಿನ್ನ ತೊಲೆ ಸರಿಯಿಲ್ಲ ಅಂತಾನೆ."

ಗಾರೆ ಮೇಸ್ತ್ರಿ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಬೆಳಗ್ಗಿಂದ ಇದೇ ಜಪ, ಅಮ್ಮಾ. 'ನಮ್ಮ ಹುಡುಗಿ ಬರೆದದ್ದು, ತಪ್ಪಾಗೋ ಮಾತೇ ಇಲ್ಲ' ಅಂತ. ಇಂಜಿನಿಯರ್ ಮುಂದೆ ನನ್ನ ಮಾನ ಕಳೆದ್ರು."

"ಇನ್ನೊಂದೇ ಎಳೆತ, ಕೂತ್ಕೊಳ್ಳುತ್ತೆ" ಎಂದು ಭಾವ ಸರಳಿನತ್ತ ತಿರುಗಿದರು.

"ಬೇಡ ಭಾವ. ಕೈ ತೆಗೀರಿ. ಗೋಡೆ ಸರಿಯಾಗಿದೆ." ಚೀಟಿ ಎತ್ತಿ ತೋರಿಸಿದೆ. "ಮೂವತ್ತು ನಿಮಿಷ ಅಂತಿದ್ದದ್ದನ್ನ ಪಾಯಿಂಟ್ ಮೂವತ್ತು ಅಂತ ಹಾಕ್ಬಿಟ್ಟೆ. ಮೂವತ್ತೊಂದು ಮಿಲಿಮೀಟರ್ ಕಡಿಮೆ ಬರುತ್ತೆ. ನನ್ನ ತಪ್ಪು."

ಅವರು ಜೇಬಿನಿಂದ ಟೇಪು ತೆಗೆದರು. ಚೈನು ಎಷ್ಟು ಎಳೆದಿದ್ದಾರೆ, ಇನ್ನೆಷ್ಟು ಉಳಿದಿದೆ, ಎರಡನ್ನೂ ಅಳೆದು ಕೂಡಿಸಿದರು. ತುಟಿ ಅಲುಗುವುದು ಕೆಳಗಿನಿಂದಲೂ ಕಾಣುತ್ತಿತ್ತು. ಆಮೇಲೆ ಕೈಯನ್ನು ಸಂದಿನಿಂದ ನಿಧಾನಕ್ಕೆ ಹೊರಗೆ ತೆಗೆದು, ಚೈನಿನವನಿಗೆ ಬಿಡು ಎಂದು ಸನ್ನೆ ಮಾಡಿದರು.

ಎರಡು ಕೊಂಡಿ ಸಡಿಲವಾಗಿತ್ತೋ ಇಲ್ಲವೋ, ಸರಳು ಟಣ್ಣೆಂದು ಹಾರಿತು. ಗೋಡೆಗೆ ಬಡಿದು, ಕೆಳಗೆ ಮರಳಿನ ಗುಡ್ಡೆಯಲ್ಲಿ ಗೇಣುದ್ದ ಹೂತುಕೊಂಡಿತು.

ಭಾವ ಇಳಿದು ಬಂದರು. ನನ್ನ ಕಡೆ ನೋಡಲಿಲ್ಲ. ನೇರ ಮೇಸ್ತ್ರಿಯ ಎದುರು ಹೋಗಿ ನಿಂತರು. "ನಿಮ್ಮ ಗೋಡೆ ನೆಟ್ಟಗಿದೆ. ಬೆಳಗ್ಗೆ ಅಂದದ್ದಕ್ಕೆ ಕ್ಷಮಿಸಿ." ಮೇಸ್ತ್ರಿ ತಲೆ ಕೆರೆದುಕೊಂಡರು. ಅವರು ಬೈದುಬಿಟ್ಟಿದ್ದರೂ ನನಗೆ ಹಗುರಾಗುತ್ತಿತ್ತು.

ಆಗ ಭಾವ ತಲೆ ಎತ್ತಿ ಗೋಡೆಯ ಆ ತುದಿ ನೋಡಿದರು. ನಾನೂ ನೋಡಿದೆ. ಅದು ಮೂರನೇ ತೊಲೆ. ಮೊದಲ ಎರಡು ಆಗಲೇ ಗೋಡೆ ಸೇರಿದ್ದವು.

"ಅವೂ ಎಳೆದೇ ಕೂರಿಸಿದ್ದು" ಎಂದರು. ದನಿ ತಣ್ಣಗಿತ್ತು. "ಬಿಗಿದ ಬೋಲ್ಟು ಹಾಗೇ ಬಿಟ್ರೆ ನಾಳೆ ಯಾರ ತಲೆ ಮೇಲೋ. ಬಿಚ್ಚಬೇಕು."

"ನೀವೇ ಯಾಕೆ ಹೋಗ್ಬೇಕು?"

"ಎಷ್ಟು ಎಳೆದಿದ್ದೀನಿ ಅಂತ ನನ್ನ ಕೈಗೆ ಮಾತ್ರ ಗೊತ್ತು." ಚೈನು ಹೆಗಲಿಗೆ ಹಾಕಿಕೊಂಡರು. "ಎಲ್ಲರೂ ದೂರ ಹೋಗ್ರಪ್ಪಾ. ನೀನೂ."

ನಾನು ಹೋಗಲಿಲ್ಲ. ಗೇಟಿನವರು ಬಂದು, ಎರಡೇ ಬೆರಳಿದ್ದ ಆ ಕೈಯಿಂದ ನನ್ನ ಮೊಣಕೈ ಹಿಡಿದು ಮೂರು ಹೆಜ್ಜೆ ಹಿಂದಕ್ಕೆ ಎಳೆದರು. ಬಿಡಲಿಲ್ಲ.

ಮೊದಲ ತೊಲೆಯ ಕೊನೆಯ ಬೋಲ್ಟು ಬಿಚ್ಚಿದಾಗ ತೊಲೆ ಚೈನಿನಲ್ಲಿ ಜಿಗಿದು, ಗೋದಾಮಿನ ಬಾಗಿಲನ್ನು ಯಾರೋ ಒದ್ದ ಹಾಗೆ ಸದ್ದಾಯಿತು. ಅಟ್ಟಣೆ ಅಲುಗಿತು. ನಾನು ಭಾವನ ಮುಖ ನೋಡಲಿಲ್ಲ, ಕೈಗಳನ್ನು ನೋಡಿದೆ. ಒಂದು. ಎರಡು.

"ಗೆರೆಯಮ್ಮಾ, ಇದ್ದೀಯಾ?"

"ಇದ್ದೀನಿ ಭಾವ."

"ಇನ್ನೊಂದಿದೆ."

ಅವರು ಎರಡನೇ ತೊಲೆಯತ್ತ ಸರಿದರು. ಮೂಲೆಯಲ್ಲಿ, ಊಟದ ಡಬ್ಬಿಯ ಪಕ್ಕ ಭಾವನ ಫೋನು ನಡುಗತೊಡಗಿತು. ನಿಂತು ಮತ್ತೆ ನಡುಗಿತು. ಗೇಟಿನವರು ಮೊಣಕೈ ಬಿಟ್ಟು ಹೋಗಿ ಅದನ್ನು ತಂದು ನನ್ನ ಕಿವಿಗೇ ಹಿಡಿದರು.

"ಹತ್ತು ಸಲ ಮಾಡಿದೆ!" ಅಕ್ಕ ಅಳುತ್ತಿದ್ದಳು. "ರೀ, ಎಲ್ಲಿದ್ದೀರಿ?"

"ನಾನು ಅಕ್ಕ. ಭಾವ ಮೇಲಿದ್ದಾರೆ. ನಾನು ಮಾಡಿದ ತಪ್ಪಿಗೆ."

ಮೇಲೆ ಸ್ಪ್ಯಾನರ್ ಬೋಲ್ಟಿಗೆ ಕೂತಿತು.

"ಎರಡೂ ಕೈ ಕಾಣ್ತಿವೆ" ಅಂದೆ. "ಎರಡೂ ಕಾಣ್ತಿವೆ, ಅಕ್ಕ. ಫೋನ್ ಇಡಬೇಡ."