ನೂರಕ್ಕೆ ನೂರು ಹೆಬ್ಬೆಟ್ಟು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದೇ ಗೊತ್ತಾಗುತ್ತಿಲ್ಲ ಎಂದು ಶುರು ಮಾಡಿದರೆ, ಓದುಗರೇ, ನೀವು ಇಲ್ಲೇ ಪುಟ ಮಗುಚಿಬಿಡುತ್ತೀರಿ. ಅಂಥ ಕಥೆಗಳನ್ನು ನೀವೂ ಸಾಕಷ್ಟು ಓದಿದ್ದೀರಿ, ನಾನೂ ಓದಿದ್ದೇನೆ. ಹಾಗಾಗಿ ಎಲ್ಲ ಗೊತ್ತಿರುವವನ ಹಾಗೆ ನಟಿಸುತ್ತೇನೆ, ನೀವೂ ನಂಬಿದವರ ಹಾಗೆ ನಟಿಸಿ.

ಮುಂಜಾನೆಯ ಮಂಜನ್ನು ಸೀಳಿಕೊಂಡು ಜಡೆಯಿಂದ ಹೊರಟ ಬಸ್ಸು ಸೊರಬದತ್ತ ಬಾಗುತ್ತ ಬಳುಕುತ್ತ…

“ಮಂಜು ಎಂತಕ್ಕೆ ಮಾರಾಯ್ರೆ?” ಎಂದರು ಶಾಲಿನಿ. “ಬಸ್ಸಲ್ಲಿ ನಿಲ್ಲಕ್ಕೂ ಜಾಗ ಇರ್ಲಿಲ್ಲ. ಅದನ್ನ ಬರೀರಿ.”

(ಶಾಲಿನಿ ಈ ಕಥೆಯ ಮುಖ್ಯ ಪಾತ್ರ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಗಣಿತದ ಟೀಚರನ್ನು ಪಾತ್ರ ಮಾಡಿಕೊಂಡರೆ ಏನಾಗುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.)

೧ (ಇನ್ನೊಮ್ಮೆ)

ಶಾಲಿನಿ ಜಡೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಗಣಿತದ ಟೀಚರು. ಅವತ್ತು ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಸೊರಬಕ್ಕೆ ಬಂದು, ಅಲ್ಲಿಂದ ಶಿರಾಳಕೊಪ್ಪ ಹಾದು ಶಿಕಾರಿಪುರಕ್ಕೆ ಹೊರಟಿದ್ದರು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಗಣಿತಕ್ಕೆ ಟೀಚರೇ ಇಲ್ಲ. ಇದ್ದವರೇ ಸೇರಿಕೊಂಡು ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ಸಂಜೆ ಹೊತ್ತು ಆನ್‌ಲೈನ್ ಪಾಠ ಮಾಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಆ್ಯಪ್. ಮಕ್ಕಳಿಗೆ ತಲೆ ಕೆಟ್ಟು ಹೋಗಿತ್ತು. ಅದಕ್ಕೇ ಅವತ್ತು ಎಲ್ಲರೂ ತಮ್ಮ ತಮ್ಮ ಸಲಕರಣೆ ತೋರಿಸುವುದು, ಉಳಿದವರು ಅಂಕ ಕೊಡುವುದು, ಗೆದ್ದದ್ದೊಂದನ್ನೇ ಇನ್ನು ಮುಂದೆ ಎಲ್ಲರೂ ಬಳಸುವುದು ಎಂದು ಸಭೆ ಕರೆದಿದ್ದರು.

ಈ ಅಂಕ ಕೊಡುವ ವಿಷಯ ಸ್ವಲ್ಪ ಹೇಳಬೇಕು. ಮಕ್ಕಳಿಗೆ ಅರ್ಧ ಅಂಕ ಕೊಡಲು ಕೈ ಹಿಂದೆ ಮುಂದೆ ನೋಡುವ ಮೇಷ್ಟ್ರುಗಳು, ಸಭೆಯಲ್ಲಿ ಪರಸ್ಪರ ಅಂಕ ಕೊಡುವಾಗ ದಾನಶೂರರಾಗುತ್ತಾರೆ. ಹತ್ತಕ್ಕೆ ಒಂಬತ್ತಕ್ಕಿಂತ ಕಮ್ಮಿ ಯಾರೂ ಕೊಡುವುದಿಲ್ಲ. ಇವತ್ತು ಅವರ ಸರದಿ, ನಾಳೆ ನಮ್ಮದು. ಹಾಗಾಗಿ ಗೆಲ್ಲುವುದು ಯಾರು ಎಂದರೆ, ಹೆಚ್ಚು ಬಣ್ಣ ಬಣ್ಣ ಯಾರದ್ದಿದೆಯೋ ಅವರು.

ಶಾಲಿನಿಯ ಹತ್ತಿರ ಬಣ್ಣವೇ ಇರಲಿಲ್ಲ. ಆ್ಯಪೂ ಇರಲಿಲ್ಲ. ಅವರು ಪಾಠವನ್ನು ವಾಯ್ಸ್ ಮೆಸೇಜು ಮಾಡಿ ಕಳಿಸುತ್ತಿದ್ದರು. ಮಕ್ಕಳು ತಮಗೆ ಅರ್ಥವಾಗದೇ ಇದ್ದದ್ದನ್ನು ವಾಯ್ಸ್ ಮೆಸೇಜಿನಲ್ಲೇ ಹೇಳಬೇಕು. ‘ಎಲ್ಲಾ ಅರ್ಥ ಆಯ್ತು ಟೀಚರ್’ ಎಂದು ಕಳಿಸಿದವರಿಗೆ ಹೋಂವರ್ಕ್ ಡಬಲ್. ಇಷ್ಟೇ. ಇದನ್ನು ಹಿಡಿದುಕೊಂಡು ಸಭೆಗೆ ಹೋಗಲು ಅವರಿಗೆ ನಾಚಿಕೆಯೇ ಆಗುತ್ತಿತ್ತು. ಆದರೂ ಹೊರಟಿದ್ದು ರೋಜಾಳಿಗಾಗಿ.

೨

ರೋಜಾ ಯಾರೆಂದು ಈಗಲೇ ಹೇಳದಿದ್ದರೆ ಶಾಲಿನಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ.

ರೋಜಾ ಅವರ ವಿದ್ಯಾರ್ಥಿನಿ. ಅಪ್ಪ ರಂಗಪ್ಪ ಕುರಿ ಸಾಕುತ್ತಾನೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಕುರಿದೊಡ್ಡಿಯ ಪಕ್ಕ ಮಾತ್ರ ಸಿಗುತ್ತದೆ. ಈ ವರ್ಷದ ಶುರುವಿನ ಒಂದು ಲೈವ್ ಕ್ಲಾಸಿನಲ್ಲಿ ಅವಳು ಪ್ರಶ್ನೆ ಕೇಳಲೆಂದು ಮೈಕ್ ಆನ್ ಮಾಡಿದ್ದಳು. ಅವಳಿಗಿಂತ ಮೊದಲು ಹಿಂದಿದ್ದ ಕುರಿಗಳೆಲ್ಲ ಒಟ್ಟಿಗೆ ಮಾತಾಡಿದವು. ಎರಡು ತಾಲ್ಲೂಕಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವತ್ತಿಂದ ಅವಳು ಮೈಕ್ ಮುಟ್ಟಲಿಲ್ಲ. ‘ಅರ್ಥ ಆಯ್ತಾ’ ಎಂದಾಗಲೆಲ್ಲ ಫೋನಿನಲ್ಲಿ ‘ಹೌದು’ ಎನ್ನುವ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದಳು, ಅಷ್ಟೇ. ಎಷ್ಟು ಜಾಣೆ ಎಂದುಕೊಂಡಿದ್ದರು ಶಾಲಿನಿ. ಒಂದು ದಿನ ನೋಡಿದರೆ, ಪಾಠ ಶುರುವಾಗುವ ಮೊದಲೇ ರೋಜಾಳ ಹೆಬ್ಬೆಟ್ಟು ಬಂದು ಕೂತಿತ್ತು.

ಆಮೇಲೆ ಶಾಲಿನಿ ವಾಯ್ಸ್ ಮೆಸೇಜಿಗೆ ಬದಲಾದದ್ದು. ತುಂಬಾ ದಿನ ರೋಜಾಳಿಂದ ಏನೂ ಬರಲಿಲ್ಲ. ಒಂದು ಸಂಜೆ ಬಂತು: “ಟೀಚರ್, ಮೈನಸ್ಸಿಗೆ ಮೈನಸ್ಸು ಸೇರಿದ್ರೆ ಪ್ಲಸ್ಸಾಗ್ತತಿ ಅಂತ ಎಲ್ಲಾರೂ ಹೇಳ್ತಾರೆ. ನಮ್ಮವು ಎರಡು ಕುರಿ ಹೋದ್ವು, ಆಮೇಲೆ ಇನ್ನೆರಡು ಹೋದ್ವು. ಕುರಿ ಜಾಸ್ತಿ ಆಗ್ಲೇ ಇಲ್ವಲ್ಲ ಟೀಚರ್?”

ಶಾಲಿನಿ ಅದನ್ನು ಮತ್ತೆ ಮತ್ತೆ ಕೇಳಿದರು. ಖುಷಿಯಿಂದ ಅಡುಗೆಮನೆಯಲ್ಲಿ ಒಬ್ಬರೇ ನಕ್ಕರು. ಕೂಡುವುದಕ್ಕೂ ಗುಣಿಸುವುದಕ್ಕೂ ನಡುವೆ ಹುಡುಗಿ ಎಷ್ಟು ವರ್ಷದಿಂದ ಸಿಕ್ಕಿಹಾಕಿಕೊಂಡಿದ್ದಳೋ! ಈಗ ಸಭೆಯಲ್ಲಿ ಬೇರೆ ಯಾವುದೋ ಲೈವ್ ಆ್ಯಪ್ ಗೆದ್ದರೆ ರೋಜಾ ಮತ್ತೆ ಬರೀ ಹೆಬ್ಬೆಟ್ಟಾಗುತ್ತಾಳೆ. ಇದು ಅವರ ಭಯ.

೩

(ಈ ಭಾಗವನ್ನು ಕಿತ್ತುಹಾಕಿದ್ದೇನೆ. ಇದರಲ್ಲಿ ಶಾಲಿನಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ, ಗುಡವಿಯ ಕೆರೆಗೆ ಹೋಗುವ ಕೊಕ್ಕರೆಗಳನ್ನು ಕಂಡು ಶಿಕ್ಷಣದ ಬಗ್ಗೆ ಚಿಂತನೆ ಮಾಡುತ್ತಿದ್ದರು. “ಕಿಟಕಿ ಸೀಟು ಸಿಕ್ಕಿದ್ರೆ ನಾನು ನಿದ್ದೆ ಮಾಡ್ತಿದ್ದೆ” ಎಂದರು. ಒಪ್ಪಬೇಕಾಯಿತು.)

೪

ಶಿಕಾರಿಪುರದ ಶಾಲೆಯೊಂದರ ಸ್ಮಾರ್ಟ್ ಕ್ಲಾಸ್ ಕೋಣೆ. ಬಾಗಿಲಲ್ಲೇ ಸಿಕ್ಕಿದವರು ಮಾಲತೇಶ್, ಶಿಕಾರಿಪುರದ ಗಣಿತದ ಮೇಷ್ಟ್ರು.

“ಬರ್ರಿ ಮೇಡಂ, ಬರ್ರಿ. ಅಷ್ಟು ದೂರದಿಂದ ಬಂದೀರಿ, ಮೊದ್ಲು ಚಾ ಕುಡೀರಿ” ಎಂದು ಲೋಟ ಕೈಗಿಟ್ಟರು. ಶಾಲಿನಿಗೆ ಅಲ್ಲೇ ಅರ್ಧ ಧೈರ್ಯ ಹೋಯಿತು. ಏಕೆಂದರೆ ಅವರು ಹೆದರಿದ್ದಂಥ ಲೈವ್ ಆ್ಯಪ್ ಇದೇ ಮನುಷ್ಯನದು.

(ನಾನು ಮೊದಲು ಮಾಲತೇಶರನ್ನು ಖಳನಾಯಕ ಮಾಡಿದ್ದೆ. ದಪ್ಪ ಮೀಸೆ ಕೂಡ ಇಟ್ಟಿದ್ದೆ. ಚಹಾ ಕೊಟ್ಟ ಮೇಲೆ ಕೆಲಸ ಕೆಟ್ಟಿತು, ಮೀಸೆ ತೆಗೆದೆ.)

ಅವರ ಆ್ಯಪಿನ ಹೆಸರು ಪಾಠಪಟಾಕಿ. ಮಗು ಹೆಬ್ಬೆಟ್ಟು ಒತ್ತಿದರೆ ಪರದೆಯ ಮೇಲೆ ಪಟಾಕಿ ಸಿಡಿಯುತ್ತದೆ, ಎಷ್ಟು ಜನಕ್ಕೆ ಅರ್ಥವಾಯಿತು ಎಂದು ದೊಡ್ಡದಾಗಿ ಶೇಕಡಾ ಬರುತ್ತದೆ. ಸಭೆ ನಡೆಸಲು ಬಂದ ಸಂಪನ್ಮೂಲ ವ್ಯಕ್ತಿ ಸದಾಶಿವಪ್ಪ ಆಗಲೇ ಮನಸೋತಿದ್ದರು. ಅವರು ಪ್ರತಿ ಮಾತಿನ ಕೊನೆಗೆ “ಅರ್ಥ ಆಯ್ತಲ್ಲ?” ಎನ್ನುವವರು, ಎಲ್ಲರೂ “ಹ್ಞೂಂ ಸರ್” ಎನ್ನುವವರು.

“ಆನ್‌ಲೈನ್ ಅಂದ್ರ ಆನ್‌ಲೈನೇ ಇರ್ಬೇಕಲ್ರೀ. ನಾ ಆ ಕಡೆ ರೂಮಿಂದ ಪಾಠ ಮಾಡ್ತೀನಿ, ನೀವು ಇಲ್ಲಿ ಹುಡುಗ್ರಾಗ್ರಿ” ಎಂದು ಮಾಲತೇಶ್ ಲ್ಯಾಪ್‌ಟಾಪ್ ಎತ್ತಿಕೊಂಡು ವರಾಂಡದ ಆಚೆ ತುದಿಯ ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಪರದೆಯ ಮೇಲೆ ಮಾಲತೇಶ್ ಪ್ರತ್ಯಕ್ಷರಾದರು. ನಮಸ್ಕಾರ ಮಾಡಿದರು. ವೃತ್ತ ಬರೆದರು. ವೃತ್ತಕ್ಕೆ ತಾಗುವ ಗೆರೆ ಎಳೆದರು. ಕೈ ಬೀಸಿ ಬೀಸಿ ವಿವರಿಸಿದರು. ಏನೋ ತಮಾಷೆ ಹೇಳಿ ತಾವೇ ನಕ್ಕರು. ಕೋಣೆಯಲ್ಲಿದ್ದವರೂ ನಕ್ಕರು.

ಆದರೆ ಓದುಗರೇ, ಅವರ ಮೈಕ್ ಆನ್ ಆಗಿರಲೇ ಇಲ್ಲ. ಮೊದಲಿಂದ ಕೊನೆಯವರೆಗೆ ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ.

“ಇದು ಅತಿ ಆಯ್ತು, ಯಾರೂ ನಂಬಲ್ಲ” ಎಂದು ನಾನು ಹೇಳಿದೆ.

“ನೀವು ಯಾವತ್ತೂ ಟ್ರೈನಿಂಗಿಗೆ ಹೋಗಿಲ್ಲ ಅಂತ ಕಾಣ್ತದೆ” ಎಂದರು ಶಾಲಿನಿ. ಒಬ್ಬರು ತಮ್ಮ ಫೋನಿನದೇ ತೊಂದರೆ ಎಂದುಕೊಂಡು ವಾಲ್ಯೂಮ್ ಒತ್ತಿ ಒತ್ತಿ ಸುಮ್ಮನಾದರು. ಇನ್ನೊಬ್ಬರು, ಮೊದಲು ಬರೀ ಚಿತ್ರ, ಆಮೇಲೆ ಮಾತು ಇರಬೇಕು, ಹೊಸ ವಿಧಾನ ಎಂದುಕೊಂಡರು. ಪಕ್ಕದವರು ತಲೆಯಾಡಿಸಿದ್ದನ್ನು ನೋಡಿ ಇವರೂ ತಲೆಯಾಡಿಸಿದರು. “ನಾನೂ ಸುಮ್ನೇ ಕೂತಿದ್ದೆ. ಅದನ್ನೂ ಬರೀರಿ, ಬಿಡ್ಬೇಡಿ” ಎಂದರು ಶಾಲಿನಿ.

ಬರೆದಿದ್ದೇನೆ.

ಪಾಠ ಮುಗಿಯಿತು. ಮಾಲತೇಶ್ ಪರದೆಯಲ್ಲಿ ಹೆಬ್ಬೆಟ್ಟು ಎತ್ತಿ ತೋರಿಸಿದರು. ಕೂತವರು ತಮ್ಮ ತಮ್ಮ ಫೋನಿನಲ್ಲಿ ಒಬ್ಬೊಬ್ಬರಾಗಿ ಒತ್ತಿದರು. ಕೆಂಪು, ಹಸಿರು, ಹಳದಿ ಪಟಾಕಿಗಳು ಸಿಡಿದವು. ಕೆಳಗೆ ಒಂದು ಸಾಲು ಬಂತು: ‘ಒಬ್ಬರು ಬಾಕಿ.’

“ಯಾರ್ರೀ ಅದು ಒಬ್ರು?” ಸದಾಶಿವಪ್ಪ ಸುತ್ತ ನೋಡಿದರು. “ಒತ್ತಿಬಿಡಿ, ನೂರಕ್ಕೆ ನೂರು ಆಗ್ಲಿ. ಊಟಕ್ಕೆ ಹೋಗಣ. ಕೇಸರಿಬಾತ್ ಆರ್ತಾ ಇದೆ.”

ಶಾಲಿನಿಯ ಬೆರಳು ಪರದೆಯ ಮೇಲೆ ನಿಂತಿತ್ತು. ಚಹಾ ಕೊಟ್ಟ ಮನುಷ್ಯ. ಹಸಿದ ಸಹೋದ್ಯೋಗಿಗಳು. ಒತ್ತಿದರೆ ಯಾರಿಗೂ ಬೇಜಾರಿಲ್ಲ. ಆ ಕ್ಷಣ ಅವರಿಗೆ ಕುರಿದೊಡ್ಡಿಯ ಪಕ್ಕ ನಿಂತ ರೋಜಾಳ ಸಂಕಟ ಪೂರ್ತಿ ತಿಳಿಯಿತು. ಎಲ್ಲರಿಗೂ ಅರ್ಥವಾಗಿರುವಾಗ ತನಗೊಬ್ಬಳಿಗೆ ಆಗಿಲ್ಲ ಎನ್ನುವುದು ಎಷ್ಟು ಕಷ್ಟ!

(ಇಲ್ಲಿ ನಾನವರಿಗೆ ಒಂದು ಒಳ್ಳೆಯ ಭಾಷಣ ಬರೆದುಕೊಟ್ಟಿದ್ದೆ. ಒಂದು ಪುಟ ಇತ್ತು. ಓದಿ ನೋಡಿ ಹತ್ತಕ್ಕೆ ಮೂರು ಕೊಟ್ಟರು.)

ಶಾಲಿನಿ ಎದ್ದು ನಿಂತರು. “ಸರ್, ನಂಗೆ ಏನೂ ಕೇಳ್ಲೇ ಇಲ್ಲ.”

ಮುಂದಿನ ಸಾಲಿನಿಂದ ಯಮುನಮ್ಮ, ನಿವೃತ್ತಿಗೆ ಹತ್ತಿರವಾದ ಹಿರಿಯ ಟೀಚರು, ಹಿಂದಕ್ಕೆ ತಿರುಗಿದರು. “ನಿಂಗೂ ಕೇಳ್ಲಿಲ್ವೇನೇ? ಅಯ್ಯೋ ಪುಣ್ಯಾತ್ಗಿತ್ತಿ! ನನ್ನ ಕಿವಿ ಹೋಯ್ತು ಅಂತ ನಾನು ಡಾಕ್ಟ್ರ ಹತ್ರ ಹೋಗೋ ಲೆಕ್ಕ ಹಾಕ್ತಿದ್ದೆ!”

ಮೊದಲು ಒಬ್ಬರು ನಕ್ಕರು. ಆಮೇಲೆ ಇಡೀ ಕೋಣೆ ನಕ್ಕಿತು, ಸದಾಶಿವಪ್ಪ ಮೇಜು ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಮಾಲತೇಶ್ ಓಡೋಡಿ ಬಂದರು, ಮುಖದ ತುಂಬ ಖುಷಿ. “ಹೆಂಗಿತ್ರೀ? ನೋಡಿದ್ರಿಲ್ಲ, ಬರೀ ಒಬ್ರು ಬಾಕಿ! ಉಳಿದೋರಿಗೆಲ್ಲ ಅರ್ಥ ಆಗೇತಿ!”

ವಿಷಯ ಹೇಳಿದರು. ಮಾಲತೇಶ್ ಕೂಡ ನಗಲು ಶುರು ಮಾಡಿದರು. ನಗುತ್ತ ನಗುತ್ತಲೇ ಅವರ ಮುಖ ಬದಲಾಯಿತು. ಹತ್ತಿರದ ಕುರ್ಚಿಯಲ್ಲಿ ಕೂತರು.

“ಅಂದ್ರ… ನನ್ನ ಹುಡುಗ್ರು ದಿನಾ ಪಟಾಕಿ ಹಾರಿಸ್ತಾರಲ್ರೀ.”

ಶಾಲಿನಿ ಹೋಗಿ ಅವರಿಗೊಂದು ಲೋಟ ಚಹಾ ತಂದುಕೊಟ್ಟರು.

೫

ಊಟವಾದ ಮೇಲೆ ಶಾಲಿನಿಯ ಸರದಿ. ಅವರು ತಮ್ಮ ವಾಯ್ಸ್ ಮೆಸೇಜಿನ ಬಗ್ಗೆ ಹೇಳಿದರು, ರೋಜಾಳ ಹೆಸರೆತ್ತದೆ ಮೈನಸ್ಸಿನ ಪ್ರಶ್ನೆಯನ್ನೂ ಹೇಳಿದರು. ಆ ಸಭೆಗಳ ಇತಿಹಾಸದಲ್ಲೇ ಮೊದಲ ಬಾರಿಗೆ ಅಂಕಗಳು ಅಂಕಗಳಂತೆ ಬಂದವು. ಯಮುನಮ್ಮ ಏಳು ಕೊಟ್ಟರು. ಮಾಲತೇಶ್ ನಾಲ್ಕು ಕೊಟ್ಟರು.

“ಬೇಜಾರಾಗ್ಬ್ಯಾಡ್ರಿ ಮೇಡಂ. ಎರಡು ತಾಲ್ಲೂಕಿನ ಹುಡುಗ್ರು ಎಲ್ಲಾರೂ ಮೆಸೇಜ್ ಕಳ್ಸಿದ್ರ ಕೇಳಿ ಮುಗಿಸೋದು ಯಾವಾಗ್ರೀ? ಮಲ್ಕೊಳ್ಳೋದು ಬ್ಯಾಡೇನು?”

ನಿಜವಾದ ಮಾತು. ಶಾಲಿನಿಗೆ ಆ ನಾಲ್ಕು ವಿಚಿತ್ರವಾಗಿ ಇಷ್ಟವಾಯಿತು. ತಾನು ಹೇಳಿದ್ದನ್ನು ಒಬ್ಬರಾದರೂ ಪೂರ್ತಿ ಕೇಳಿಸಿಕೊಂಡಿದ್ದಾರಲ್ಲ.

ಕೊನೆಗೆ ಯಾವುದನ್ನು ಆರಿಸುವುದು? ವಾದ ಶುರುವಾಯಿತು. ನಡುವೆ ಮಾಲತೇಶರೇ ಕೇಳಿದರು, “ಅಲ್ರೀ, ನಮ್ಮೊಳಗ ನಾವು ಗುದ್ದಾಡಾಕತ್ತೀವಿ. ಹುಡುಗ್ರನ್ನ ಯಾರಾದ್ರೂ ಕೇಳೀರೇನು?”

ಯಾರೂ ಕೇಳಿರಲಿಲ್ಲ. ಶಾಲಿನಿ ಕೂಡ. “ಸರಿ, ಕೇಳ್ಕಂಡು ಬನ್ನಿ, ಆಮೇಲೆ ತೀರ್ಮಾನ ಮಾಡಣ” ಎಂದರು ಸದಾಶಿವಪ್ಪ. ಎಂದಿನಂತೆ “ಅರ್ಥ ಆಯ್ತಲ್ಲ?” ಎನ್ನಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು.

೬

ಇನ್ನು ಮುಕ್ತಾಯ. ಮೂರು ಮಾಡಿಟ್ಟಿದ್ದೇನೆ, ಬೇಕಾದ್ದು ಆರಿಸಿಕೊಳ್ಳಿ.

ಅ. ಶಾಲಿನಿಯ ವಿಧಾನ ಗೆಲ್ಲುತ್ತದೆ. ಶಾಲು, ಹಾರ, ಮೈಸೂರು ಪೇಟ. (“ಪೇಟ ಹಾಕ್ಕಂಡು ಜಡೆ ಬಸ್ಸು ಹತ್ತಲಾ?” ಎಂದರು ಶಾಲಿನಿ.)

ಆ. ಪಾಠಪಟಾಕಿ ಗೆಲ್ಲುತ್ತದೆ, ಆದರೆ ಅದರಲ್ಲಿ ‘ಅರ್ಥ ಆಗಿಲ್ಲ’ ಎಂದು ಒತ್ತಿದವರಿಗೇ ದೊಡ್ಡ ಪಟಾಕಿ. (“ಅರ್ಥ ಆದೋರೂ ಅದನ್ನೇ ಒತ್ತಕ್ಕೆ ಶುರು ಮಾಡ್ತಾರೆ. ಮಕ್ಕಳು ಗೊತ್ತಿಲ್ವಾ ನಿಮಗೆ?”)

ಇ. ಮಾಲತೇಶ್, ಶಾಲಿನಿ ಇಬ್ಬರೂ ಸೇರಿ ಹೊಸದೊಂದು ಆ್ಯಪ್ ಮಾಡಿ… (“ಮೊದ್ಲು ಇರೋ ಪೋರ್ಷನ್ ಮುಗೀಲಿ ಮಾರಾಯ್ರೆ.”)

ಮೂರೂ ಫೇಲ್. ಹಾಗಾದರೆ ಆದದ್ದನ್ನೇ ಹೇಳುತ್ತೇನೆ.

ಸಂಜೆ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸಿಗೆ ಕಾಯುತ್ತ ಶಾಲಿನಿ ರೋಜಾಳಿಗೆ ಫೋನ್ ಮಾಡಿದರು. ಎರಡೂ ಬಗೆಯನ್ನು ವಿವರಿಸಿದರು. “ನಿಂಗೆ ಯಾವುದು ಬೇಕೇ?”

ಕೇಳಿಬಿಟ್ಟ ಮೇಲೆ ಅವರಿಗೆ ಹೆದರಿಕೆಯಾಯಿತು. ಹುಡುಗಿ ಪಟಾಕಿಯೇ ಬೇಕು ಎಂದರೆ? ಹದಿನೈದು ವರ್ಷದ ಮಕ್ಕಳಿಗೆ ಪಟಾಕಿ ಯಾಕೆ ಬೇಡ? ಅಥವಾ, ಟೀಚರ್ ಕೇಳುತ್ತಿದ್ದಾರೆ ಎಂದು ಅವರಿಗೆ ಇಷ್ಟವಾಗುವುದನ್ನೇ ಹೇಳಿಬಿಟ್ಟರೆ? ಅದು ಇನ್ನೂ ಕಷ್ಟ.

ಲೈನ್ ಹೋಯಿತೇನೋ ಎಂದು ಶಾಲಿನಿ ಫೋನ್ ನೋಡಿದರು. ಹೋಗಿರಲಿಲ್ಲ.

“ಈಗ್ಲೇ ಹೇಳ್ಬೇಕಾ ಟೀಚರ್?”

“ಬೇಡ.”

“ಹಂಗಾರೆ ಯೋಚ್ನೆ ಮಾಡಿ ಹೇಳ್ತೀನಿ.”

ಶಾಲಿನಿ ಫೋನ್ ಇಟ್ಟರು. ಪಾಠಕ್ಕೆ ಮೊದಲೇ ಹೆಬ್ಬೆಟ್ಟು ಒತ್ತುತ್ತಿದ್ದ ಹುಡುಗಿ ಈಗ ಯೋಚನೆ ಮಾಡುತ್ತಾಳಂತೆ. ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಅವರ ಕಣ್ಣು ತುಂಬಿತು, ಅವರು ನಗುತ್ತಲೂ ಇದ್ದರು.

ನನ್ನ ಹತ್ತಿರ ರೋಜಾಳಿಗೆಂದು ಒಂದು ಸೊಗಸಾದ ಉತ್ತರ ಸಿದ್ಧವಿತ್ತು. ಕಥೆಯ ಕೊನೆಗೆ ಹೇಳಿ ಮಾಡಿಸಿದಂಥದ್ದು. ಬರೆಯಲು ಕೈ ಇಟ್ಟೆ.

“ಏಯ್,” ಎಂದರು ಶಾಲಿನಿ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿ. “ನೀವು ಹೇಳಿಕೊಡ್ಬೇಡಿ.”

ಬಸ್ಸು ಹೊರಟಿತು. ನಾನು ಆ ಉತ್ತರವನ್ನು ಅಳಿಸಿದೆ. ರೋಜಾ ಯೋಚನೆ ಮಾಡುತ್ತಿದ್ದಾಳೆ. ಯಾರೂ ಅವಸರ ಮಾಡಬೇಡಿ.