ಕೂಗು ಬಂದ್ರೆ ವಾಪಸ್

ಆಕೆಯ ಕೋಟಿಗೆ ಆರು ಜೇಬು; ಅವುಗಳಲ್ಲಿ ಐದನ್ನು ಆಕೆಯೇ ಸೂಜಿ ದಾರ ಹಿಡಿದು ಹೊಲಿದು ಮುಚ್ಚಿದ್ದಳು. ಬೀಗದ ಕೈ ಎಲ್ಲಿಟ್ಟೆನೆಂದು ಬಾಗಿಲ ಮುಂದೆ ನಿಂತು ಮೈಯೆಲ್ಲ ತಡವಿಕೊಳ್ಳುವವರನ್ನು ಕಂಡರೆ ಆಕೆಗೆ ಮೈ ಉರಿಯುತ್ತಿತ್ತು. ಒಂದೇ ಜೇಬಿದ್ದರೆ ಒಂದೇ ಕಡೆ ಹುಡುಕಿದರಾಯಿತು ಎಂಬುದು ಆಕೆಯ ಸಿದ್ಧಾಂತ. ಆ ಕೋಟನ್ನು ಹೊಲಿದವನು ಒಡಹುಟ್ಟಿದ ಅಣ್ಣ, ಪೇಟೆಯ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವನು. "ನಾನು ಕಷ್ಟಪಟ್ಟು ಜೇಬಿಡೋದು, ಇವಳು ಮುಚ್ಚೋದು. ಚೆನ್ನಾಗಿದೆ ನಮ್ಮ ಸಂಸಾರ!" ಎಂದು ಅವನು ಬಂದವರೆದುರು ದೂರುತ್ತಲೇ ನಗುತ್ತಿದ್ದ. ಅರ್ಧ ಅಣ್ಣನ ಕಸುಬಿನಿಂದ, ಅರ್ಧ ತನ್ನದೇ ಸ್ವಭಾವದಿಂದ ಆಕೆಗೆ ಕಚೇರಿಯಲ್ಲಿ ಕತ್ತರಿಯಕ್ಕ ಎಂಬ ಹೆಸರು ಬಿದ್ದಿತ್ತು.

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ ಅದು. ಕುರ್ಚಿಗೆ ಬೆನ್ನಾನಿಸಿ ಆಕೆ ಕುಳಿತದ್ದನ್ನು ನಾನಂತೂ ಕಂಡವನಲ್ಲ. ಒಂದು ಮೊಣಕಾಲನ್ನು ಕುರ್ಚಿಯ ಮೇಲೂರಿ, ಇನ್ನೊಂದು ಪಾದದಿಂದ ನೆಲವನ್ನು ತಟ್ಟುತ್ತ, ಕೀಲಿಮಣೆಯ ಮೇಲೆ ಬಾಗಿ ನಾಲ್ಕು ಸಾಲು ಬರೆದು, ಐದನೆಯದಕ್ಕೆ ಮುನ್ನ ಎದ್ದು ಕಿಟಕಿಯವರೆಗೆ ಹೋಗಿ, ಹೊರಗೇನನ್ನೂ ನೋಡದೆ ಹಿಂದಿರುಗಿ, ಬರೆದ ನಾಲ್ಕರಲ್ಲಿ ಮೂರನ್ನು ಅಳಿಸುವ ಪರಿ ನೋಡುವವರಿಗೇ ಆಯಾಸ ತರುತ್ತಿತ್ತು. ನಾವು ಪ್ರಶ್ನೆಯನ್ನು ಮುಗಿಸುವಷ್ಟರಲ್ಲಿ ಆಕೆ ಬಾಗಿಲು ದಾಟಿರುತ್ತಿದ್ದಳು. ಉತ್ತರ ಕಾರಿಡಾರಿನಿಂದ ಬರುತ್ತಿತ್ತು. ಆ ಉತ್ತರವೂ ಬಹುಮಟ್ಟಿಗೆ ಒಂದೇ: "ಯಾರಿಗೆ ಬೇಕು ಅದು?"

ನಮ್ಮದು ವಿಡಿಯೊ ಗೇಮುಗಳಿಗೆ ಎಂಜಿನ್ ಕಟ್ಟುವ ಕಚೇರಿ. ಎಂಜಿನ್ ಎಂದರೆ ಕಬ್ಬಿಣದ್ದಲ್ಲ, ಬರಿಯ ಅಕ್ಷರಗಳದ್ದು. ಆಟದಲ್ಲಿ ಚೆಂಡು ಪುಟಿಯುವುದು, ನೆರಳು ಬೀಳುವುದು, ಗುಂಡಿ ಒತ್ತಿದರೆ ಗೊಂಬೆ ಜಿಗಿಯುವುದು ಎಲ್ಲವೂ ಅದರ ಕೃಪೆ. ಆ ಅಕ್ಷರರಾಶಿಯನ್ನು, ಅಂದರೆ ಸೋರ್ಸ್ ಕೋಡನ್ನು, ಓಡುವ ಸಾಫ್ಟ್‌ವೇರ್ ಆಗಿ ಕಟ್ಟಿಕೊಳ್ಳುವ ಮೊದಲು ಒಂದು ರಾಶಿ ಆಯ್ಕೆಗಳಿಗೆ ಬೇಕು-ಬೇಡ ಹೇಳಬೇಕು: ಶಬ್ದ ಬೇಕೆ, ನೆರಳು ಬೇಕೆ, ಹಳೆಯ ಕಂಪ್ಯೂಟರಿಗೋ ಹೊಸದಕ್ಕೋ. ವರ್ಷಗಳುದ್ದಕ್ಕೂ ಬಂದವರೆಲ್ಲ ಒಂದೊಂದು ಆಯ್ಕೆ ಸೇರಿಸಿ ಹೋಗಿದ್ದರು, ತೆಗೆದವರು ಯಾರೂ ಇರಲಿಲ್ಲ. 'ಶಬ್ದ ನಿಲ್ಲಿಸಬೇಡ' ಎಂಬೊಂದು ಆಯ್ಕೆಯಿತ್ತು. ಅದಕ್ಕೆ 'ಬೇಡ' ಎಂದರೆ ಶಬ್ದ ಬರುತ್ತದೋ ಹೋಗುತ್ತದೋ ಎಂದು ಅದನ್ನು ಬರೆದವನೇ ತಲೆ ಕೆರೆದುಕೊಳ್ಳುತ್ತಿದ್ದ. ಹೊಸಬರು ಬಂದು, ತಲೆಬುಡ ತಿಳಿಯದೆ ಒದ್ದಾಡಿ, ಮುಖ ಬಾಡಿಸಿಕೊಂಡು ಬೇರೆ ಕಚೇರಿ ಹುಡುಕಿಕೊಳ್ಳುತ್ತಿದ್ದರು. ಇವೆಲ್ಲಕ್ಕೂ ಕೈಪಿಡಿ ಬರೆಯುವ ಪಾಪದ ಪ್ರಾಣಿ ನಾನು. ಕತ್ತರಿಯಕ್ಕ ನನ್ನನ್ನು ಪುರಾಣಿಕ ಎಂದು ಕರೆಯುತ್ತಿದ್ದಳು.

ಈ ಕಾಡನ್ನು ಸವರುವ ಹೊಣೆಯನ್ನು ಆಕೆಗೆ ಯಾರೂ ಕೊಡಲಿಲ್ಲ, ಆಕೆಯೇ ಕಿತ್ತುಕೊಂಡಳು. ವಿಧಾನ ಸರಳ. ಅನುಮಾನ ಬಂದ ಆಯ್ಕೆಯನ್ನು ತೆಗೆದುಹಾಕುವುದು, ಕಿವಿ ನಿಮಿರಿಸಿ ಕಾಯುವುದು.

"ಕೂಗು ಬಂದ್ರೆ ವಾಪಸ್ ಹಾಕ್ತೀನಿ. ಬರ್ಲಿಲ್ವಾ, ಹೋಯ್ತು ಅಷ್ಟೆ. ಮೌನಂ ಸಮ್ಮತಿ ಲಕ್ಷಣಂ ಕಣಯ್ಯಾ ಪುರಾಣಿಕ."

ಕೂಗು ಬರುತ್ತಲೂ ಇತ್ತು. ಶಬ್ದದ ಆಯ್ಕೆ ಕಿತ್ತ ದಿನ ಸಂಗೀತ ವಿಭಾಗದವರು ತೋಳೇರಿಸಿಕೊಂಡೇ ಬಂದರು. ಆಕೆ ಒಂದಿಷ್ಟೂ ಬೇಸರಿಸದೆ, 'ಶಬ್ದ' ಎಂಬ ಒಂದೇ ಪದದ ಹೆಸರಿಟ್ಟು ಅದನ್ನು ಮರಳಿಸಿ, ಕಳ್ಳನನ್ನು ಹಿಡಿದವಳಂತೆ ನಕ್ಕಳು. ಅಬ್ಬಾ, ಆ ದಿನಗಳಲ್ಲಿ ಆಕೆಯ ಹುರುಪೇನು! ಕೈಪಿಡಿ ವಾರವಾರಕ್ಕೂ ತೆಳ್ಳಗಾಗುತ್ತ ಬಂತು.

ಇಷ್ಟೆಲ್ಲ ಚಡಪಡಿಕೆಯ ಅಡಿಯಲ್ಲಿ ಒಂದು ಸಂಕಟವಿತ್ತೆಂಬುದು ಕಚೇರಿಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಅಣ್ಣನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು. ಕತ್ತರಿಯಿಂದಲೇ ಬದುಕಿದವನಿಗೆ ಬಲಗೈ ಹೋದ ಮೇಲೆ ಉಳಿದದ್ದು ಎಡಗೈ ಮತ್ತು ಅಂಗಡಿಯ ಯಜಮಾನನ ಒಂದು ಮಾತು: "ಎಡಗೈ ಪಳಗಿಸ್ಕೊಂಡು ಬಾ. ಅಲ್ಲೀವರ್ಗೂ ನಿನ್ನ ಮೇಜಿಗೆ ಬೇರೆ ಯಾರನ್ನೂ ಹಾಕಲ್ಲ." ತಂಗಿ ಅವನಿಗಾಗಿ ನಮ್ಮ ಎಂಜಿನ್ನಿನ ಮೇಲೆ ಪುಟ್ಟದೊಂದು ಆಟ ಕಟ್ಟಿದಳು. ಪರದೆಯ ಮೇಲೆ ಸೀಮೆಸುಣ್ಣದ ಗೆರೆ, ಕುತ್ತಿಗೆಯ ಕಮಾನು, ತೋಳಿನ ತಿರುವು. ಗೆರೆ ತಪ್ಪದಂತೆ ಅದರ ಮೇಲೊಂದು ಕತ್ತರಿಯನ್ನು ನಡೆಸಬೇಕು. ನಡೆಸಲು ಗುಜರಿಯಿಂದ ತಂದ, ಅಂಗೈ ತುಂಬುವ ದಪ್ಪ ಹಿಡಿಯ ಜಾಯ್‌ಸ್ಟಿಕ್. ಹಗಲು ತಂಗಿ ಕಚೇರಿಯಲ್ಲಿದ್ದಾಗ ಅವನ ಅಭ್ಯಾಸ ನಡೆಯುತ್ತಿತ್ತು. ಎಂಜಿನ್ನಿನಲ್ಲಿ ಏನು ಬದಲಾದರೂ ಮನೆಯ ಕಂಪ್ಯೂಟರು ಅದನ್ನು ತಾನಾಗಿಯೇ ಎಳೆದುಕೊಳ್ಳುವಂತೆಯೂ ಮಾಡಿಟ್ಟಿದ್ದಳು. 'ಈಗ ಬೇಕೋ ಆಮೇಲೋ' ಎಂದು ಅದು ಕೇಳುವುದನ್ನೂ ಆಕೆಗೆ ಸಹಿಸಲಾಗುತ್ತಿರಲಿಲ್ಲ.

ಜಾಯ್‌ಸ್ಟಿಕ್ಕಿಗೆ ನಮ್ಮಲ್ಲಿ ಎರಡು ಆಯ್ಕೆಗಳಿದ್ದವು, ಹಳೆಯ ಬಗೆಗೊಂದು, ಹೊಸ ಬಗೆಗೊಂದು. ಹೊಸದೇ ಎಲ್ಲವನ್ನೂ ನಿಭಾಯಿಸುತ್ತದೆಂದು ನಂಬಿ ಆಕೆ ಹಳೆಯದಕ್ಕೆ ಕೈಹಾಕಿದಳು. ಆಗ ಎದ್ದು ಬಂದವರು ನಮ್ಮ ಹಿರಿಯ ಪ್ರೋಗ್ರಾಮರ್. ಏನನ್ನು ತೆಗೆಯಹೊರಟರೂ "ಇರಲಿ ಬಿಡಿ" ಎನ್ನುವುದರಿಂದ ಅವರ ಹೆಸರೇ ಇರಲಿಬಿಡಿ ಎಂದಾಗಿತ್ತು.

"ಎಲ್ಲೋ ಮೂಲೇಲಿ ಕೂತು ಯಾರೋ ಅದ್ರಲ್ಲೇ ಆಡ್ತಿರ್ತಾರಮ್ಮ. ಇದ್ರೆ ನಿನ್ನ ಗಂಟೇನು ಹೋಗತ್ತೆ?"

"ಆಡ್ತಿದ್ರೆ ಕೂಗ್ತಾರೆ ಬಿಡಿ ಸಾರ್. ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳ್ಳೋಕಾಗತ್ತಾ?"

ಆಕೆ ಅದನ್ನು ಕಿತ್ತು, ಕಾದಳು. ಯಾರೂ ಕೂಗಲಿಲ್ಲ. ನಾನು ಕೈಪಿಡಿಯಿಂದ ಇನ್ನೊಂದು ಪುಟವನ್ನು ಸಂತೋಷವಾಗಿ ಕಿತ್ತೆಸೆದೆ.

ಒಂದು ರಜಾದಿನ, ಸಣ್ಣಗಾದ ಕೈಪಿಡಿಯನ್ನು ತೋರಿಸಲೆಂದು ಆಕೆಯ ಮನೆಗೆ ಹೋದೆ. ಆಕೆ ಒಳಗೆ ಚಹಾ ಕಾಸುತ್ತಿದ್ದಳು. ಹೊರಕೋಣೆಯಲ್ಲಿ ಅಣ್ಣ ಕಿಟಕಿಗೆ ಮುಖಮಾಡಿ ಕುಳಿತಿದ್ದ. ಜಾಯ್‌ಸ್ಟಿಕ್ಕಿನ ಮೇಲೆ ಟವೆಲ್ ಹೊದಿಸಿತ್ತು. ಅಭ್ಯಾಸ ಎಲ್ಲಿಗೆ ಬಂತು ಎಂದು ಕೇಳಿದೆ.

"ಬಿಟ್ಬಿಟ್ಟೆ" ಎಂದ, ದನಿ ತಗ್ಗಿಸಿ. "ಈ ಕೈಯೂ ಹೋಯ್ತು ಅನ್ಸತ್ತೆ. ಎಷ್ಟು ತಳ್ಳಿದ್ರೂ ಆ ಕತ್ತರಿ ಅಲ್ಲಾಡಲ್ಲ. ತಳ್ತಿದೀನಿ ಅಂತ ನಂಗೆ ಅನ್ಸತ್ತೆ, ಕೈಯಲ್ಲಿ ಬಲಾನೇ ಇಲ್ವೇನೋ. ಯಜಮಾನ್ರಿಗೂ ಹೇಳಿ ಕಳ್ಸಿದೀನಿ, ನನ್ನ ದಾರಿ ಕಾಯ್ಬೇಡಿ ಅಂತ. ಅವಳಿಗೆ ಹೇಳ್ಬೇಡಿ, ಮೊದ್ಲೇ ಅವಳ ಕಾಲು ಒಂದ್ಕಡೆ ನಿಲ್ಲಲ್ಲ."

ಅವಳು ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತಟ್ಟೆಯನ್ನು ನೆಲದ ಮೇಲಿಟ್ಟು, ಟವೆಲ್ ಎಳೆದು, ಕಂಪ್ಯೂಟರು ಹಚ್ಚಿ, ತನ್ನ ಎರಡೂ ಗಟ್ಟಿ ಕೈಗಳಿಂದ ಆ ಹಿಡಿಯನ್ನು ತಳ್ಳಿದಳು. ಪರದೆಯ ಕತ್ತರಿ ಇದ್ದಲ್ಲೇ ಇತ್ತು. ಆಕೆ ನಿಧಾನವಾಗಿ ನೆಲಕ್ಕೆ ಕುಸಿದು ಗೋಡೆಗೆ ಬೆನ್ನಾನಿಸಿದಳು. ಪೂರ್ತಿ ಕುಳಿತ ಕತ್ತರಿಯಕ್ಕನನ್ನು ನಾನು ಕಂಡದ್ದು ಆಗಲೇ.

"ಅಣ್ಣಾ, ಕೈಗೇನೂ ಆಗಿಲ್ಲ. ಈ ಹಳೇ ಜಾಯ್‌ಸ್ಟಿಕ್ಕಿನ ಆಯ್ಕೆ ಕಿತ್ತು ಹಾಕಿದ್ದು ನಾನು" ಎಂದಳು. ಮರುಕ್ಷಣವೇ ಸಿಟ್ಟು ಉಕ್ಕಿಬಂತು. "ಒಂದ್ ಮಾತು ಹೇಳೋಕೇನಾಗಿತ್ತು ನಿಂಗೆ? ದಿನಾ ಸಂಜೆ ಕೇಳ್ತೀನಲ್ಲ, ಹೇಗಾಯ್ತು ಅಂತ!"

"ಕೇಳ್ತೀಯ. ನಾನು ಬಾಯಿ ತೆರೆಯೋಷ್ಟ್ರಲ್ಲಿ ಅಡುಗೆಮನೇಲಿರ್ತೀಯ." ಅವನು ಎಡಗೈಯನ್ನು ಮಡಿಲಿನಲ್ಲಿ ಹಿಂದುಮುಂದಾಗಿ ತಿರುಗಿಸಿ ನೋಡಿಕೊಂಡ. "ಅಲ್ಲದೆ, ಕೈ ನನ್ನದು, ಕೆಟ್ಟಿದ್ದು ನಂದೇ ಅಂದ್ಕೊಂಡೆ. ಯಾರ ಮೇಲೆ ಅಂತ ಕೂಗ್ಲಿ ಹೇಳು?"

ಮರುದಿನವೇ ಆ ಆಯ್ಕೆ ವಾಪಸ್ ಬಂತು. ಒಂದು ಗಳಿಗೆಯ ಕೆಲಸ. ಆಕೆ ನೇರವಾಗಿ ಇರಲಿಬಿಡಿಯವರ ಮೇಜಿಗೆ ಹೋಗಿ, "ನೀವಂದಿದ್ದೇ ಸರಿ ಸಾರ್, ಆ ಮೂಲೆ ನಮ್ಮನೇದೇ" ಎಂದಳು. ಅವರು ಆಕೆಯ ಮುಖವನ್ನೇ ನೋಡಿ, ಮೆಲ್ಲಗೆ, "ಇರಲಿ ಬಿಡಮ್ಮ" ಎಂದರು. ಆದರೆ ಎಲ್ಲವೂ ವಾಪಸ್ ಬರಲಿಲ್ಲ. ಅಂಗಡಿಯ ಆ ಮೇಜಿನ ಮುಂದೆ ಅಷ್ಟರಲ್ಲಿ ಬೇರೊಬ್ಬ ನಿಂತಾಗಿತ್ತು. ಸಂಸಾರಸ್ಥನಾದ ಅವನನ್ನು ಬಿಡಿಸಿ ಎನ್ನಲು ಅಣ್ಣನಿಗೆ ಮನಸ್ಸಾಗಲಿಲ್ಲ, ಬಿಡಿಸಲು ಯಜಮಾನನಿಗೂ ಆಗಲಿಲ್ಲ. ಈಗ ಅಣ್ಣ ಮನೆಯ ಊಟದ ಮೇಜಿನ ಮೇಲೆ ಎಡಗೈಯಲ್ಲಿ ಬಟ್ಟೆ ಕತ್ತರಿಸುತ್ತಾನೆ. ತೋಳಿನ ತಿರುವಿನಲ್ಲಿ ಇನ್ನೂ ಕೆಲವೊಮ್ಮೆ ಗೆರೆ ತಪ್ಪುತ್ತದೆ.

ಆಕೆ ಕತ್ತರಿಸುವುದನ್ನು ಬಿಟ್ಟಳೆಂದರೆ ಸುಳ್ಳಾದೀತು. ಎಂಜಿನ್ನನ್ನು ಇಂದು ಒಂದೇ ಆಜ್ಞೆಯಿಂದ ಕಟ್ಟಬಹುದು, ಹೊಸಬರು ಬಂದವರು ಉಳಿಯುತ್ತಾರೆ, ಅದೆಲ್ಲ ಆಕೆಯ ಪುಣ್ಯ. ಕೋಟಿನ ಐದು ಜೇಬುಗಳೂ ಮುಚ್ಚಿಯೇ ಇವೆ; ಅವು ಆಕೆಯವೇ ತಾನೆ. ಆದರೆ ಒಂದು ಆಯ್ಕೆ ಕೀಳುವ ಮೊದಲು ಈಗ ಮೇಜಿನಿಂದ ಮೇಜಿಗೆ, ಮಹಡಿಯಿಂದ ಮಹಡಿಗೆ, ಬಾಲ ಸುಟ್ಟ ಬೆಕ್ಕಿನಂತೆ ಅಲೆದು, "ಇದು ಕೆಲಸ ಮಾಡ್ದಿದ್ರೆ ಏನ್ಮಾಡ್ತೀಯ?" ಎಂದು ಕೇಳುತ್ತಾಳೆ, ಕೇಳಿ, ಕಾಲು ತಟ್ಟುತ್ತ, ತುಟಿ ಕಚ್ಚಿಕೊಂಡು, ಉತ್ತರ ಮುಗಿಯುವವರೆಗೂ ನಿಲ್ಲುತ್ತಾಳೆ. ಆ ನಿಲ್ಲುವಿಕೆ ಆಕೆಗೆಷ್ಟು ಕಷ್ಟವೆಂಬುದು ನೋಡಿದವರಿಗೇ ಗೊತ್ತು.

ಜಗತ್ತಿನ ಸಿಕ್ಕು ಬಿಡಿಸಲು ಹೊರಟ ಈ ಕುಲದವರು ನಮಗೆ ಬೇಕೇ ಬೇಕು. ಅವರಿಲ್ಲದಿದ್ದರೆ ನಾವೆಲ್ಲ ಬೀಗದ ಕೈ ತಡಕುತ್ತ ಬಾಗಿಲಲ್ಲೇ ಮುದುಕರಾಗುತ್ತಿದ್ದೆವು. ಪರರ ಒದ್ದಾಟವನ್ನು ಸಹಿಸದ ಮರುಕದಿಂದಲೇ ಅವರ ಅವಸರ ಹುಟ್ಟುತ್ತದೆ, ಅದರಿಂದಲೇ ಅವರ ಕಿವಿ ಗಟ್ಟಿ ದನಿಗಳಿಗಷ್ಟೇ ಪಳಗುತ್ತದೆ. ಏನಾದರೂ ಕೆಟ್ಟಾಗ ಮೊದಲು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಳ್ಳುವ ಜನ ಆ ಕಿವಿಗೆ ಕೇಳಿಸುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಮೊದಲು ಹೇಳಿದವರು ಯಾರೋ ನಾನರಿಯೆ, ಸುಮ್ಮನಿದ್ದವರಂತೂ ಅಲ್ಲ.